ಸರಾಸರಿಯೊಳಗೆ ಕಾಣದ ಊರುಗಳು

ಪ್ರಾಜೆಕ್ಟ್ ಕೆಲಸಕ್ಕೆ ಪೋಲೆಂಡಿನ ವಾರ್ಸಾಗೆ ಹೋಗಿದ್ದೆ. ಮೆಟ್ರೋ ಇರಲಿ, ರಸ್ತೆ ಇರಲಿ, ಅಲ್ಲಲ್ಲಿ ಹಳದಿ ನಕ್ಷತ್ರಗಳ ನೀಲಿ ಬೋರ್ಡು. 'ಏನಿದು?' ಅಂತ ಅಲ್ಲಿನ ಸಹೋದ್ಯೋಗಿಯನ್ನು ಕೇಳಿದೆ. 'ಯುರೋಪಿಯನ್ ಒಕ್ಕೂಟದ ದುಡ್ಡು' ಅಂದ.

ಲೆಕ್ಕ ಸರಳ. ಸದಸ್ಯ ದೇಶಗಳೆಲ್ಲ ಒಕ್ಕೂಟದ ಬಜೆಟ್‌ಗೆ ಹಣ ಹಾಕುತ್ತವೆ. ತಲಾ ಜಿಡಿಪಿ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆ ಇರುವ ಪ್ರದೇಶಗಳಿಗೆ ಹೆಚ್ಚು ನೆರವು. ಪ್ರಾದೇಶಿಕ ಅಭಿವೃದ್ಧಿ ನಿಧಿ ಶುರುವಾಗಿದ್ದು 1975ರಲ್ಲಿ. ಈ ನೆರವಿನ ಅತಿ ದೊಡ್ಡ ಪಾಲು ಈಗ ಪೋಲೆಂಡಿಗೆ. 2004ರಲ್ಲಿ ಒಕ್ಕೂಟ ಸೇರಿದಾಗ, ಬೆಲೆಮಟ್ಟ ಹೊಂದಿಸಿ ನೋಡಿದರೆ, ಅದರ ತಲಾ ಜಿಡಿಪಿ ಸರಾಸರಿಯ ಸುಮಾರು ಅರ್ಧದಷ್ಟಿತ್ತು. ಈಗ ಮುಕ್ಕಾಲು ದಾಟಿದೆ. ದುಡ್ಡೊಂದೇ ಕಾರಣವಲ್ಲ, ದೊಡ್ಡ ಮಾರುಕಟ್ಟೆಯೂ ಸಿಕ್ಕಿತು.

ಆದರೆ ಸರಾಸರಿ ಮೋಸ ಮಾಡುತ್ತೆ. ವಾರ್ಸಾದ ಗಳಿಕೆಯಿಂದಾಗಿ ಇಡೀ ಮಾಜೋವಿಯಾ ಪ್ರಾಂತ್ಯವೇ ಕಾಗದದ ಮೇಲೆ ಶ್ರೀಮಂತವಾಯಿತು. ಸುತ್ತಲಿನ ಬಡ ಊರುಗಳಿಗೆ ನೆರವು ತಪ್ಪುವ ಪರಿಸ್ಥಿತಿ. ಕೊನೆಗೆ 2018ರಿಂದ, ಅಂಕಿ-ಅಂಶದ ಲೆಕ್ಕಕ್ಕೆ ಮಾತ್ರ, ರಾಜಧಾನಿ ಭಾಗವನ್ನೂ ಉಳಿದ ಪ್ರಾಂತ್ಯವನ್ನೂ ಬೇರೆ ಮಾಡಿದರು.

ಸಹೋದ್ಯೋಗಿಯ ಊರು ಪೂರ್ವದ ಲುಬ್ಲಿನ್ ಕಡೆ. ಅಲ್ಲಿಂದ ವಾರ್ಸಾಗೆ ಒಕ್ಕೂಟದ ನೆರವಿನಿಂದಲೇ ಎಸ್‌17 ಹೆದ್ದಾರಿಯಾಗಿದೆ. 'ರಸ್ತೆ ಬಂದ್ರೆ ಊರಿಗೆ ಕೆಲಸ ಬರುತ್ತೆ ಅಂದ್ಕೊಂಡಿದ್ವಿ. ನನ್ನ ಕ್ಲಾಸಿನವರು ಸುಮಾರು ಜನ ಅದೇ ರಸ್ತೇಲಿ ಊರು ಬಿಟ್ರು. ನಾನೂ ಅಷ್ಟೇ' ಅಂದ. ಮನೆಯಲ್ಲೀಗ ಅಪ್ಪ-ಅಮ್ಮ ಇಬ್ಬರೇ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತಾನೆ. ಮೊದಲಿಗಿಂತ ಬೇಗ ತಲುಪುತ್ತಾನೆ.

ರಸ್ತೆ ಬೇಕೇ ಬೇಕು. ಆದರೆ ಅದರ ಕೊನೆಯಲ್ಲಿರುವ ಊರಲ್ಲಿ ಕೆಲಸ ಹುಟ್ಟದಿದ್ದರೆ, ಅಂತರ ಕಡಿಮೆಯಾಯಿತು ಅಂತ ಹೇಗೆ ಹೇಳೋದು?