ಡಬ್ಬದ ಮೇಲೆ 7.1, ಕಿವಿಗೆ ಎರಡೇ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಗೇಮಿಂಗ್ ಹೆಡ್‌ಸೆಟ್ ಕೇಳಿ ನೋಡಿ. ಕೈಗೆ ಬರುವ ಬಣ್ಣಬಣ್ಣದ ಡಬ್ಬದ ಮೇಲೆ 7.1, 50 ಎಂಎಂ, 40 ಕಿಲೋಹರ್ಟ್ಸ್ ಎಂದು ಅಂಕಿಗಳ ಸಾಲೇ ಇರುತ್ತದೆ. ಬಿಜಿಎಂಐ ಆಡುವವರಿಗೂ ವ್ಯಾಲರಂಟ್ ಆಡುವವರಿಗೂ ನಿಜವಾಗಿ ಬೇಕಾದದ್ದು ಎರಡು: ಎದುರಾಳಿಯ ಹೆಜ್ಜೆ ಯಾವ ಕಡೆಯಿಂದ ಬಂತೆಂದು ತಿಳಿಯಬೇಕು, ತಾವು ಹೇಳಿದ್ದು ತಂಡದವರಿಗೆ ಸ್ಪಷ್ಟವಾಗಿ ಕೇಳಬೇಕು. ಡಬ್ಬದ ಮೇಲಿನ ಅಂಕಿಗಳಲ್ಲಿ ಬಹಳಷ್ಟು ಈ ಎರಡರ ಗೋಜಿಗೇ ಹೋಗುವುದಿಲ್ಲ.

ನಂಬಿಕೆ: 7.1 ಇದ್ದರೆ ಶತ್ರು ಎಲ್ಲಿದ್ದಾನೆಂದು ಕರಾರುವಾಕ್ಕಾಗಿ ಗೊತ್ತಾಗುತ್ತದೆ

7.1 ಎಂಬುದು ಮೂಲತಃ ಕೋಣೆಯ ಲೆಕ್ಕ. ಸುತ್ತ ಏಳು ಸ್ಪೀಕರ್, ಜೊತೆಗೊಂದು ಸಬ್‌ವೂಫರ್. ಹೆಡ್‌ಸೆಟ್ ಬಿಚ್ಚಿದರೆ ಹೆಚ್ಚಿನವುಗಳಲ್ಲಿ ಸಿಗುವುದು ಕಿವಿಗೊಂದರಂತೆ ಎರಡು ಡ್ರೈವರ್, ಅಂದರೆ ಪುಟ್ಟ ಸ್ಪೀಕರ್, ಮಾತ್ರ. ಉಳಿದದ್ದು ಸಾಫ್ಟ್‌ವೇರಿನ ಕೈಚಳಕ. ಹಾಗೆಂದು ಇದು ಕೊರತೆಯಲ್ಲ, ನಮಗಿರುವ ಕಿವಿಗಳೂ ಎರಡೇ ತಾನೆ? ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಗೆ ತುಸು ತಡವಾಗಿ ತಲುಪುತ್ತದೆ. ಆ ತಡ ಹೆಚ್ಚೆಂದರೆ 0.7 ಮಿಲಿಸೆಕೆಂಡಿನ ಆಸುಪಾಸು, ಆದರೆ ಮಿದುಳಿಗೆ ಅಷ್ಟೇ ಸಾಕು. ಕೀರಲು ಸದ್ದುಗಳಿಗಾದರೆ ತಲೆಯೇ ಅಡ್ಡ ನಿಂತು ಆಚೆ ಕಿವಿಗೆ ಹೋಗುವ ಸದ್ದನ್ನು ತಗ್ಗಿಸುತ್ತದೆ. ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ಈ ಎರಡೂ ಸುಳಿವುಗಳನ್ನು ಜೋಡಿಸಿ ವಿವರಿಸಿದ್ದರು.

ಎಡ-ಬಲ ಇಷ್ಟರಿಂದ ತಿಳಿಯಿತು. ಹಿಂದೆಯೋ ಮುಂದೆಯೋ, ಮಹಡಿಯ ಮೇಲೋ ಕೆಳಗೋ ಎಂದು ತಿಳಿಯಲು ಹೊರಗಿವಿಯ ಮಡಿಕೆಗಳು ಬೇಕು. ಸದ್ದು ಬಂದ ದಿಕ್ಕಿಗೆ ತಕ್ಕಂತೆ ಅವು ಅದರ ಕೆಲವು ಸ್ವರಗಳನ್ನು ಏರಿಸುತ್ತವೆ, ಕೆಲವನ್ನು ಇಳಿಸುತ್ತವೆ. ಹೆಡ್‌ಫೋನಿನಲ್ಲಿ ಸದ್ದು ಯಾವಾಗಲೂ ಕಿವಿಯ ಪಕ್ಕದಿಂದಲೇ ಬರುವುದರಿಂದ ಆ ಸುಳಿವು ಇಲ್ಲವಾಗುತ್ತದೆ. ಅದನ್ನು ಲೆಕ್ಕ ಹಾಕಿ ಮರಳಿ ಸೇರಿಸುವ ವಿಧಾನಕ್ಕೆ ಎಚ್‌ಆರ್‌ಟಿಎಫ್ ಎಂದು ಹೆಸರು. ಕೌಂಟರ್‌ಸ್ಟ್ರೈಕ್ ಆಟಕ್ಕೆ ಅದು 2016ರಲ್ಲಿ ಬಂತು, ವ್ಯಾಲರಂಟ್‌ಗೆ 2021ರಲ್ಲಿ.

ಎದುರಾಳಿ ನಿಂತ ಜಾಗ ಆಟಕ್ಕೆ ಖಚಿತವಾಗಿ ಗೊತ್ತಿರುತ್ತದೆ. ಹೆಡ್‌ಸೆಟ್‌ನ 7.1 ತಂತ್ರಾಂಶದ ಕೈಗೆ ಸಿಗುವುದು ಆಟ ಆಗಲೇ ಬೆರೆಸಿ ಕೊಟ್ಟ ಸದ್ದು. ಆದ್ದರಿಂದ ಆಟದೊಳಗೇ ಈ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿ, ಹೆಡ್‌ಸೆಟ್‌ನದನ್ನು ಆಫ್ ಮಾಡುವುದೇ ಸರಿ. ಎರಡನ್ನೂ ಆನ್ ಇಟ್ಟರೆ ಒಮ್ಮೆ ಲೆಕ್ಕ ಹಾಕಿದ್ದರ ಮೇಲೆ ಇನ್ನೊಮ್ಮೆ ಲೆಕ್ಕ ಬಿದ್ದು ದಿಕ್ಕು ಕಲಸುಮೇಲೋಗರವಾಗುತ್ತದೆ. ಆಟದಲ್ಲಿ ಅಂಥ ಸೌಲಭ್ಯವಿಲ್ಲ, ಸರೌಂಡ್ ಬೇಕೇ ಬೇಕು ಎನ್ನುವವರಿಗೆ ವಿಂಡೋಸ್ ಜೊತೆ ಪುಕ್ಕಟೆ ಬರುವ ವಿಂಡೋಸ್ ಸೋನಿಕ್ ಇದೆ. ಮೊದಲು ಅದನ್ನು ಪ್ರಯತ್ನಿಸಿ ನೋಡಬಹುದು. ಇನ್ನೊಂದು ಮಾತು: ಎಚ್‌ಆರ್‌ಟಿಎಫ್ ಲೆಕ್ಕ ಸಾಮಾನ್ಯವಾಗಿ ಯಾರದೋ ಕಿವಿಯ, ಇಲ್ಲವೇ ಸರಾಸರಿ ಕಿವಿಯ ಅಳತೆಯ ಮೇಲೆ ನಿಂತಿರುತ್ತದೆ. ನಿಮ್ಮ ಕಿವಿ ಅದಕ್ಕೆ ಹೊಂದದಿದ್ದರೆ ಹಿಂದೆ-ಮುಂದೆ ಗೊಂದಲ ಉಳಿದೇ ಉಳಿಯುತ್ತದೆ.

ನಂಬಿಕೆ: ಡ್ರೈವರ್ ದೊಡ್ಡದಿದ್ದಷ್ಟೂ, ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು

ದೊಡ್ಡ ಟೂರ್ನಿಗಳ ವೇದಿಕೆಯಲ್ಲಿ ಆಟಗಾರರ ತಲೆಯ ಮೇಲಿನ ಭಾರಿ ಹೆಡ್‌ಸೆಟ್ ನೋಡಿ ಮರುಳಾಗುವವರಿದ್ದಾರೆ. ಅಲ್ಲಿ ಅನೇಕ ಸಲ ಆಟದ ಸದ್ದು ಬರುವುದು ಅದರೊಳಗೆ ಕಿವಿಯಲ್ಲಿ ಸಿಕ್ಕಿಸಿಕೊಂಡ ಪುಟ್ಟ ಇಯರ್‌ಫೋನಿನಿಂದ. ಮೇಲಿನದು ಪ್ರೇಕ್ಷಕರ ಗದ್ದಲ ತಡೆಯಲು ಮತ್ತು ಮೈಕ್‌ಗಾಗಿ. ಇಯರ್‌ಫೋನಿನ ಡ್ರೈವರ್ ಹೆಚ್ಚಾಗಿ 10 ಮಿ.ಮೀ. ಆಸುಪಾಸಿನದು. ಇನ್ನು 40 ಕಿಲೋಹರ್ಟ್ಸ್? ಎಳೆಯ ಕಿವಿಗೂ 20 ಕಿಲೋಹರ್ಟ್ಸ್ ದಾಟಿದ್ದು ಕೇಳುವುದಿಲ್ಲ, ಅದಕ್ಕೆ ದುಡ್ಡು ಕೊಡುವುದು ದಂಡ. 250 ಓಮ್ ಹೆಡ್‌ಫೋನ್ ‘ಪ್ರೊ’ ಎಂದು ಕೊಂಡು ಫೋನಿಗೆ ಚುಚ್ಚಿದರೆ ಸದ್ದೇ ಏಳದೆ ಬೇಸರವಾದೀತು. ಅದಕ್ಕೆ ಆಂಪ್ಲಿಫೈಯರ್ ಬೇಕಾಗಬಹುದು.

‘ಗೇಮಿಂಗ್ ಬಾಸ್’ ಬೇರೆ ಇದೆ. ಗುಡುಗುವ ಕೆಳಸ್ವರ ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಬಾಸ್ ಏರಿಸಿದರೆ ಗ್ರೆನೇಡ್ ಸಿಡಿದದ್ದು ಭರ್ಜರಿಯಾಗಿ ಕೇಳುತ್ತದೆ, ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವನ ಹೆಜ್ಜೆ ಕೇಳದೆ ಹೋಗುತ್ತದೆ.

ನಂಬಿಕೆ: ಹಾಡಿಗೆ ಚೆನ್ನಾಗಿರುವ ಬ್ಲೂಟೂತ್ ಹೆಡ್‌ಫೋನ್ ಆಟಕ್ಕೂ ಸಾಕು

ಹಾಡು ಒಂದು ಕ್ಷಣ ತಡವಾಗಿ ಶುರುವಾದರೆ ಯಾರಿಗೂ ಗೊತ್ತಾಗದು. ಆಟದಲ್ಲಿ ಹಾಗಲ್ಲ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು 150ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುತ್ತದೆ. ಅಷ್ಟರಲ್ಲಿ 60 ಹರ್ಟ್ಸ್ ಪರದೆಯ ಮೇಲೆ ಚಿತ್ರ ಹತ್ತು ಬಾರಿ ಬದಲಾಗಿರುತ್ತದೆ. ಗೇಮಿಂಗ್ ಮೋಡ್ ಈ ತಡವನ್ನು ತಗ್ಗಿಸಬಹುದು. ಆದರೆ ದೊಡ್ಡ ಏಟು ಬೀಳುವುದು ಮೈಕ್ ಆನ್ ಮಾಡಿದಾಗ. ಹಳೆಯ ಬ್ಲೂಟೂತಿನಲ್ಲಿ ಒಳ್ಳೆಯ ಸ್ಟೀರಿಯೊಗೊಂದು ದಾರಿ, ಫೋನ್ ಕರೆಗೊಂದು ದಾರಿ. ಪಿಸಿಯಲ್ಲಿ ಮೈಕ್ ಬಳಸಿದೊಡನೆ ಹೆಡ್‌ಸೆಟ್ ಕರೆಯ ದಾರಿಗೆ ಹೊರಳುತ್ತದೆ. ಅಲ್ಲಿ ಸ್ಯಾಂಪ್ಲಿಂಗ್ 8 ಅಥವಾ 16 ಕಿಲೋಹರ್ಟ್ಸ್ ಅಷ್ಟೇ, ಸದ್ದು ಮೋನೊ. ಎಡ-ಬಲವೇ ಇಲ್ಲವಾದ ಮೇಲೆ ಹತ್ತು ಸಾವಿರದ ಹೆಡ್‌ಫೋನ್ ಇದ್ದೂ ಹೆಜ್ಜೆ ಯಾವ ಕಡೆಯದೆಂದು ತಿಳಿಯುವುದೆಂತು? ಹೊಸ ಎಲ್‌ಇ ಆಡಿಯೊ ಇದಕ್ಕೆ ಪರಿಹಾರ ತಂದಿದೆ, ಆದರೆ ಹೆಡ್‌ಸೆಟ್ ಮತ್ತು ಪಿಸಿ ಎರಡರಲ್ಲೂ ಅದು ಇರಬೇಕು. ವೈರ್ ಬೇಡವೆನ್ನುವವರು ಸ್ವಂತ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ಕೊಳ್ಳಲಿ. ನನ್ನನ್ನು ಕೇಳಿದರೆ, ಮೂರು ಸಾವಿರದೊಳಗಿನ ಬಜೆಟ್‌ಗೆ ವೈರ್ ಇರುವುದೇ ಲೇಸು.

ನಂಬಿಕೆ: ಕಂಡೆನ್ಸರ್ ಮೈಕ್ ಫ್ಯಾನ್ ಸದ್ದನ್ನೆಲ್ಲ ಹಿಡಿಯುತ್ತದೆ, ಡೈನಾಮಿಕ್ ಹಿಡಿಯುವುದಿಲ್ಲ

ಯಾವ ಮೈಕಿಗೂ ಇದು ಮಾತು, ಇದು ಫ್ಯಾನ್ ಎಂಬ ವಿವೇಕವಿಲ್ಲ. ಡೈನಾಮಿಕ್ ಮೈಕ್ ಮಾತನ್ನೂ ಫ್ಯಾನನ್ನೂ ಒಟ್ಟಿಗೆ ಮೆಲ್ಲಗೆ ಹಿಡಿಯುತ್ತದೆ. ಮಾತು ಕೇಳಲೆಂದು ಗೇನ್ ಏರಿಸಿದರೆ ಫ್ಯಾನೂ ಏರುತ್ತದೆ. ನಿಜವಾದ ವ್ಯತ್ಯಾಸ ದೂರದ್ದು. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧಕ್ಕಿಳಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಆಚೆ ತುದಿಯ ಫ್ಯಾನ್ ಇದ್ದಷ್ಟೇ ಇರುತ್ತದೆ. 40 ಸೆಂಟಿಮೀಟರಿನಿಂದ 10ಕ್ಕೆ ತಂದರೆ 12 ಡೆಸಿಬೆಲ್ ಲಾಭ, ಖರ್ಚಿಲ್ಲದೆ. ಡೈನಾಮಿಕ್ ಮೈಕಿಗೆ ಒಳ್ಳೆಯ ಹೆಸರು ಬಂದದ್ದರಲ್ಲಿ ದೊಡ್ಡ ಪಾಲು ಜನ ಅದನ್ನು ಬಾಯಿಗೆ ತಾಗುವಷ್ಟು ಹತ್ತಿರ ಹಿಡಿಯುವುದರದು. ಹೆಡ್‌ಸೆಟ್‌ನ ಸಾಧಾರಣ ಮೈಕ್ ಕೆಲವೊಮ್ಮೆ ಮೇಜಿನ ಮೇಲಿನ ದುಬಾರಿ ಮೈಕನ್ನು ಸೋಲಿಸುವ ಗುಟ್ಟೂ ಇದೇ. ಹತ್ತಿರವೆಂದರೆ ಬಾಯಿಯ ನೇರಕ್ಕಲ್ಲ, ತುಟಿಯ ಅಂಚಿಗೆ ತುಸು ಪಕ್ಕಕ್ಕೆ. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿದು ಢಬ್ಬೆನ್ನುತ್ತದೆ.

ಸ್ಟ್ರೀಮರ್‌ಗಳ ಮುಂದೆ ಕಾಣುವ ಶೂರ್ ಎಸ್‌ಎಂ7ಬಿ ಮೈಕ್ ನೋಡಿ ಆಸೆಪಡುವವರು ಒಂದು ತಿಳಿದಿರಲಿ: ಅದರ ಔಟ್‌ಪುಟ್ ಬಹಳ ಕಡಿಮೆ, ಸುಮಾರು 60 ಡೆಸಿಬೆಲ್ ಗೇನ್ ಕೇಳುತ್ತದೆ. ಅಗ್ಗದ ಆಡಿಯೊ ಇಂಟರ್‌ಫೇಸ್ ಅಷ್ಟು ಕೊಡುವ ಹೊತ್ತಿಗೆ ತನ್ನದೇ ‘ಹಿಸ್’ ಸದ್ದನ್ನೂ ಬೆರೆಸಿರುತ್ತದೆ. ಕಾರ್ಡಿಯಾಯ್ಡ್ ಮಾದರಿಯ ಮೈಕ್ ಯಾವುದೇ ಇರಲಿ, ಅದರ ಬೆನ್ನಿನ ಕಡೆ ಕಿವುಡು ಹೆಚ್ಚು. ಕೀಬೋರ್ಡು, ಫ್ಯಾನು ಆ ಕಡೆಗಿರಲಿ. ಜನಪ್ರಿಯ ಬ್ಲೂ ಯೇತಿ ಮೈಕಿನ ತುದಿಗೆ ಮಾತಾಡುವವರನ್ನು ಈಗಲೂ ಕಾಣಬಹುದು, ಅದು ಕೇಳುವುದು ಪಕ್ಕದಿಂದ.

192 ಕಿಲೋಹರ್ಟ್ಸ್ ಮೈಕ್ ಎಂಬ ಆಮಿಷಕ್ಕೂ ಬೀಳಬೇಕಿಲ್ಲ. ಆಟಗಾರರ ಮಾತುಕತೆಯ ಆ್ಯಪ್ ಡಿಸ್ಕಾರ್ಡ್ ಬಳಸುವ ಓಪಸ್ ಕೋಡೆಕ್ 48 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಧ್ವನಿ ಚಾನೆಲ್ ಸಾಮಾನ್ಯವಾಗಿ ಓಡುವುದು 64 ಕೆಬಿಪಿಎಸ್‌ನಲ್ಲಿ.

ನಂಬಿಕೆ: ಎಎನ್‌ಸಿ ಇದ್ದರೆ ಮನೆಯ ಗಲಾಟೆ ತಂಡದವರಿಗೆ ಕೇಳಿಸದು

ಹೊರಗಿನ ಗದ್ದಲ ತಗ್ಗಿಸುವ ಎಎನ್‌ಸಿ ಇರುವುದು ನಿಮ್ಮ ಕಿವಿಗೆ. ಕುಕ್ಕರ್ ಕೂಗಿದ್ದು ನಿಮಗೆ ತುಸು ಮೆಲ್ಲಗೆ ಕೇಳಬಹುದು, ತಂಡದವರಿಗೆ ಪೂರ್ತಿ ಕೇಳುತ್ತದೆ. ಮೈಕಿನ ಗದ್ದಲ ಕಳೆಯುವುದು ಇಎನ್‌ಸಿ ಅಥವಾ ಡಿಸ್ಕಾರ್ಡ್‌ನ ಕ್ರಿಸ್ಪ್‌ನಂಥ ತಂತ್ರಾಂಶ. ಆದರೂ ಕಿವಿಗೆ ಗದ್ದಲ ಕಡಿಮೆಯಾಗುವುದರಿಂದ ಬೇರೊಂದು ಲಾಭವಿದೆ: ವಾಲ್ಯೂಮ್ ಏರಿಸುವ ಅಗತ್ಯ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ ಮಾತ್ರ. ಬೀದಿಯ ಹಾರ್ನ್ ಒಳಬರುವ ಕೋಣೆಯಲ್ಲಿ ಆಡುವವರಿಗೆ ಹೊರಕವಚ ತೆರೆದ ಓಪನ್‌ಬ್ಯಾಕ್‌ಗಿಂತ ಮುಚ್ಚಿದ ಕ್ಲೋಸ್ಡ್‌ಬ್ಯಾಕ್ ಹೆಡ್‌ಫೋನ್ ಮೇಲೆನ್ನುವುದು ಇದೇ ಕಾರಣಕ್ಕೆ. ಓಪನ್‌ಬ್ಯಾಕ್‌ನ ವಿಶಾಲವಾದ ಸದ್ದು ನಿಶ್ಶಬ್ದ ಕೋಣೆ ಇದ್ದವರಿಗೆ ಒಪ್ಪುತ್ತದೆ.

ನಂಬಿಕೆ: ಪಿಸಿಗೆ ಹಾಕಿದರೆ ಮೈಕ್ ಬರುತ್ತಿಲ್ಲ, ಹೆಡ್‌ಸೆಟ್ ಕೆಟ್ಟಿದೆ

ಪಿನ್ ನೋಡಿ. ಮೂರು ಕಪ್ಪು ಉಂಗುರಗಳಿದ್ದರೆ ಅದು ಫೋನಿಗೆ ಮಾಡಿದ್ದು, ಸದ್ದು ಮತ್ತು ಮೈಕ್ ಒಂದೇ ಪಿನ್ನಿನಲ್ಲಿ. ಡೆಸ್ಕ್‌ಟಾಪಿನಲ್ಲಿ ಹಸಿರು ರಂಧ್ರ ಹೆಡ್‌ಫೋನಿಗೆ, ಗುಲಾಬಿ ರಂಧ್ರ ಮೈಕಿಗೆ. ಹಸಿರಿಗೆ ಚುಚ್ಚಿದರೆ ಆಟ ಕೇಳುತ್ತದೆ, ಮಾತು ಹೋಗುವುದಿಲ್ಲ. ಒಂದನ್ನು ಎರಡಾಗಿ ಸೀಳುವ ವೈ-ಸ್ಪ್ಲಿಟರ್ ಕೇಬಲ್ ಕೊಂಡರೆ ಆಯಿತು. ಕೊಳ್ಳುವಾಗ ‘ಹೆಡ್‌ಫೋನ್ ಮತ್ತು ಮೈಕ್’ ಎಂದೇ ಕೇಳಿ. ಇಬ್ಬರು ಒಟ್ಟಿಗೆ ಹಾಡು ಕೇಳಲು ಮಾಡಿದ ಸ್ಪ್ಲಿಟರ್ ಕೂಡ ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.