ಮುಚ್ಚಿ ಕಲಿಯುವ ಚಿತ್ರ

‘ಮರೆ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಣ್ಣಿಗೆ ಅಡ್ಡವಾಗಿ ನಿಲ್ಲುವುದೂ ಮರೆ. ನೆನಪಿನಿಂದ ಜಾರಿಹೋಗುವುದನ್ನು ಸೂಚಿಸುವ ಕ್ರಿಯಾಪದವೂ ಮರೆ. ಮೊದಲನೆಯ ಮರೆಯನ್ನು ಒಡ್ಡಿ ಎರಡನೆಯದನ್ನು ತಡೆಯುವ ಅಭ್ಯಾಸಕ್ರಮವೊಂದು ಇಂದು ವಿದ್ಯಾರ್ಥಿಗಳಲ್ಲಿ, ವಿಶೇಷವಾಗಿ ವೈದ್ಯವಿದ್ಯಾರ್ಥಿಗಳಲ್ಲಿ, ಬಳಕೆಯಲ್ಲಿದೆ. ಚಿತ್ರವೊಂದರ ಕೆಲವು ಭಾಗಗಳನ್ನು ಮುಚ್ಚಿ, ಅಲ್ಲಿರುವುದೇನೆಂದು ತನ್ನನ್ನೇ ಕೇಳಿಕೊಳ್ಳುವುದು ಅದರ ಸ್ವರೂಪ.

ನಮ್ಮ ಮಣಿಕಟ್ಟನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಅದರೊಳಗೆ ೮ ಸಣ್ಣ ಎಲುಬುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿವೆ. ಮುಂದೋಳಿಗೆ ಹತ್ತಿರದ ಸಾಲಿನಲ್ಲಿ, ಹೆಬ್ಬೆರಳ ಬದಿಗಿರುವುದು ಸ್ಕೇಫಾಯ್ಡ್. ದೋಣಿಯಂಥದು ಎಂದು ಆ ಗ್ರೀಕ್ ಮಾತಿನ ಅರ್ಥ. ಅದರ ಪಕ್ಕದ ಲ್ಯೂನೇಟ್, ಲ್ಯಾಟಿನ್ನಿನ ಚಂದ್ರನಿಂದ ಹೆಸರು ಪಡೆದಿದೆ. ಹೆಸರು ಬರೆದ ಪಟವನ್ನು ಹತ್ತು ಸಲ ನೋಡಿದವನಿಗೆ ಎಲ್ಲವೂ ತಿಳಿದಂತೆಯೇ ತೋರುತ್ತದೆ. ಹೆಸರುಗಳನ್ನು ಮುಚ್ಚಿದೊಡನೆ ನಾಲಿಗೆ ತಡವರಿಸುತ್ತದೆ. ಕಂಡು ಗುರುತಿಸುವುದು ಬೇರೆ, ಕಾಣದೆ ನೆನೆಯುವುದು ಬೇರೆ.

ಈ ಭೇದ ಕೇವಲ ಪರೀಕ್ಷೆಯ ಅಂಕಗಳದಲ್ಲ. ಅಂಗೈ ಊರಿ ಬಿದ್ದವರಲ್ಲಿ ಸ್ಕೇಫಾಯ್ಡ್ ಮುರಿಯುವುದು ಸಾಮಾನ್ಯ. ಆ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದೂ ಉಂಟು. ಅಲಕ್ಷಿಸಿದರೆ ರಕ್ತದ ಪೂರೈಕೆ ತಪ್ಪಿ ಎಲುಬಿನ ಒಂದು ಭಾಗ ಸಾಯಬಹುದು. ಹೆಬ್ಬೆರಳನ್ನು ನೀಳವಾಗಿ ಚಾಚಿದಾಗ ಅದರ ಬುಡದಲ್ಲಿ ಒಂದು ಕುಳಿ ಮೂಡುತ್ತದೆ. ಅಂಗರಚನಾಶಾಸ್ತ್ರದವರು ಅದನ್ನು ನಶ್ಯದ ಡಬ್ಬಿಯೆಂದೇ ಕರೆದಿದ್ದಾರೆ. ಅಲ್ಲಿ ಒತ್ತಿದಾಗ ನೋವಾದರೆ ವೈದ್ಯನು ಸ್ಕೇಫಾಯ್ಡನ್ನು ಶಂಕಿಸಬೇಕು. ರೋಗಿಯ ಕೈಯ ಮೇಲೆ ಯಾರೂ ಹೆಸರು ಬರೆದಿರುವುದಿಲ್ಲ.

ಕಲಿತದ್ದು ಮೊದಮೊದಲು ಬೇಗನೆಯೂ ಅನಂತರ ನಿಧಾನವಾಗಿಯೂ ಮರೆತುಹೋಗುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ೧೮೮೫ರಲ್ಲಿ ತೋರಿಸಿದನು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗದ್ಯಭಾಗವೊಂದನ್ನು ಕೆಲವರು ಮರಳಿ ಓದಿದರು. ಕೆಲವರು ಅದನ್ನು ನೋಡದೆ ನೆನೆದು ಬರೆದರು. ಐದು ನಿಮಿಷದ ತರುವಾಯ ಮರಳಿ ಓದಿದವರೇ ಮುಂದು. ಒಂದು ವಾರದ ತರುವಾಯ ನೆನೆದು ಬರೆದವರೇ ಮುಂದು. ೧೯೭೨ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಒಂದು ಪೆಟ್ಟಿಗೆಯ ಕ್ರಮವನ್ನು ವಿವರಿಸಿದ್ದನು. ಉತ್ತರ ಸರಿಯಾದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಬರುತ್ತದೆ. ತಪ್ಪಿದ್ದು ಮೊದಲ ಖಾನೆಗೇ ಹಿಂದಿರುಗುತ್ತದೆ. ೨೦೦೬ರಲ್ಲಿ ಹೊರಬಂದ ಆಂಕಿ ಎಂಬ ಗಣಕಯಂತ್ರದ ಸಾಧನವು ಇದೇ ತತ್ತ್ವದ ಮೇಲೆ ನಡೆಯುತ್ತದೆ; ಚಿತ್ರವನ್ನು ಮರೆಮಾಡುವ ಅನುಕೂಲ ೨೦೨೩ರಿಂದ ಅದರೊಳಗೇ ಸೇರಿದೆ.

ಮುಚ್ಚುವುದರಲ್ಲಿಯೂ ವಿವೇಕ ಬೇಕು. ಏಳು ಹೆಸರುಗಳನ್ನು ತೆರೆದಿಟ್ಟು ಒಂದನ್ನು ಮಾತ್ರ ಮುಚ್ಚಿದರೆ, ಉಳಿದದ್ದು ಯಾವುದೆಂಬ ಲೆಕ್ಕದಿಂದಲೇ ಉತ್ತರ ದೊರೆತೀತು. ಎಂಟನ್ನೂ ಮುಚ್ಚಿ ಒಂದನ್ನು ಕೇಳಿದರೆ ಆ ಉಪಾಯ ನಡೆಯದು. ಒಂದೇ ಪಟವನ್ನು ಬಹುಕಾಲ ಬಳಸಿದಾಗ ಎಲುಬಿನ ಬದಲು ಮುಚ್ಚಿದ ಚೌಕದ ಜಾಗವೇ ನೆನಪಾಗಿ ಉಳಿಯುವ ಅಪಾಯವೂ ಇದೆ. ಆದುದರಿಂದ ಬೇರೊಂದು ಪಟ, ಇನ್ನೊಂದು ಕೈ, ಸಾಧ್ಯವಾದರೆ ನಿಜವಾದ ಎಲುಬು ಇವುಗಳಲ್ಲಿಯೂ ಅರಿವನ್ನು ಒರೆಗೆ ಹಚ್ಚಬೇಕು. ಅರ್ಥವಾಗದ್ದನ್ನು ಮುಚ್ಚಿ ಪ್ರಯೋಜನವಿಲ್ಲ. ಮೊದಲು ಕಣ್ತುಂಬ ನೋಡಿ, ಸಂಬಂಧಗಳನ್ನು ತಿಳಿದು, ಆಮೇಲೆ ಮರೆಯನ್ನು ಎಳೆಯತಕ್ಕದ್ದು. ಪಟವನ್ನು ತೆಗೆದಿಟ್ಟ ಮೇಲೂ ಉಳಿಯುವುದೇ ನಿಜವಾದ ವಿದ್ಯೆ.