ಬೇವಿನ ಮರದಡಿಯ ಹಾಜರಿ

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸುಣ್ಣದಲ್ಲಿ ಬರೆದ ಗುಂಡನೆಯ ಗೆರೆಗಳು. ಒಂದೊಂದು ಗೆರೆಯೊಳಗೆ ಒಂದು ಗೋಣಿತಟ್ಟು, ಅದರ ಮೇಲೆ ಒಂದು ಮಗು. 2020ರ ಆಗಸ್ಟ್ ತಿಂಗಳು, ಯಾದಗಿರಿ ಸೀಮೆಯ ಹಳ್ಳಿ. ಕೊರೋನಾ ಬಂದು ಬೀಗ ಹಾಕಿದ ಶಾಲೆ ಕೂಗಳತೆಯಲ್ಲೇ ಇದೆ. ಪಾಠ ಮಾತ್ರ ಇಲ್ಲಿ, ಬೇವಿನ ಮರದ ನೆರಳಿನಲ್ಲಿ. ಶಾಲೆಗೆ ಮಕ್ಕಳು ಬರುವಂತಿಲ್ಲ, ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಇಲಾಖೆ ಇದಕ್ಕೆ ವಿದ್ಯಾಗಮ ಎಂದು ಹೆಸರಿಟ್ಟಿದೆ.

ಮಾಸ್ಕುಗಳನ್ನು ನೋಡಬೇಕು. ಅಪ್ಪನ ಹಳೆಯ ಅಂಗಿಯ ತೋಳು, ಅವ್ವನ ಸೀರೆಯ ಅಂಚು, ಯಾರೋ ಕೊಟ್ಟ ಟವೆಲಿನ ತುಂಡು. ಓದುವಾಗ ಗದ್ದಕ್ಕೆ ಇಳಿಯುತ್ತವೆ, ಮೇಷ್ಟ್ರ ಕಣ್ಣು ಬಿದ್ದೊಡನೆ ಮೂಗಿಗೇರುತ್ತವೆ. ಹಾಜರಿ ಶುರುವಾಗುತ್ತದೆ. ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಪಕ್ಕದ ಹುಡುಗ ಎದ್ದು ನಿಲ್ಲುತ್ತಾನೆ: ‘ಅವ ಹತ್ತಿ ಹೊಲಕ್ಕ ಹೋಗ್ಯಾನ್ರೀ ಸರ, ಕಳೇ ತೆಗಿಲಾಕ.’ ಮತ್ತೊಂದು ಹೆಸರು. ‘ಆಕಿ ತಮ್ಮನ್ನ ಹಿಡ್ಕೊಂಡು ಮನ್ಯಾಗ ಅದಾಳ್ರೀ.’ ಮೂರನೆಯದಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಮೇಷ್ಟ್ರು ಪೆನ್ಸಿಲ್ಲಿನಿಂದ ಹೆಸರಿನ ಪಕ್ಕ ಸಣ್ಣದಾಗಿ ಬರೆದುಕೊಳ್ಳುತ್ತಾರೆ: ಹೊಲ. ತಮ್ಮ. ಮೂರನೆಯದರ ಮುಂದೆ ಒಂದು ಪ್ರಶ್ನೆ ಚಿಹ್ನೆ.

ಆ ಪೆನ್ಸಿಲ್ ಬರಹವೇ ನನಗೆ ಮುಖ್ಯವೆನಿಸುತ್ತದೆ. ಬಡವರ ಮಗುವನ್ನು ಮನೆಯವರಲ್ಲದ ಯಾರಾದರೂ ದಿನಾ ಕಣ್ಣಿಟ್ಟು ನೋಡುವ ಜಾಗವೆಂದರೆ ಶಾಲೆ, ಅಂಗನವಾಡಿ. ಉಂಡಿದೆಯೋ ಇಲ್ಲವೋ, ಮೈಮೇಲೆ ಬಾಸುಂಡೆ ಇದೆಯೋ, ನಾಲ್ಕು ದಿನದಿಂದ ಯಾಕೆ ಬಂದಿಲ್ಲ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಮಾರ್ಚಿನಲ್ಲಿ ಬೀಗ ಬಿದ್ದಾಗ ಪಾಠದ ಜೊತೆಗೆ ಆ ಕಣ್ಣೂ ತಪ್ಪಿತು.

ಈ ಸೀಮೆಯವರು ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವವರು. ಲಾಕ್‌ಡೌನ್ ಬಂದಾಗ ಕಟ್ಟಡದ ಕೆಲಸ ನಿಂತಿತು, ಗುತ್ತಿಗೆದಾರ ಫೋನ್ ಎತ್ತಲಿಲ್ಲ. ಮೇ ತಿಂಗಳಲ್ಲಿ ಬಸ್ಸು, ರೈಲು, ಲಾರಿ ಹಿಡಿದು, ಕೆಲವರು ಕಾಲ್ನಡಿಗೆಯಲ್ಲೇ ಹೊರಟು ಊರು ಮುಟ್ಟಿದರು. ಮಹಾರಾಷ್ಟ್ರದಿಂದ ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದರು. ಕರಿಹಲಗೆಯ ಕೆಳಗೆ ಟ್ರಂಕು, ಕಿಟಕಿಯ ಸರಳಿಗೆ ಒಣಹಾಕಿದ ಕುಪ್ಪಸ, ಗೋಡೆಯ ಮೇಲಿನ ಮಗ್ಗಿಯ ಪಟಕ್ಕೆ ಒರಗಿ ಮಲಗಿದ ಬಾಣಂತಿ. ಗುಳೆಯಲ್ಲೇ ಹುಟ್ಟಿ ಬೆಳೆದ ಕೆಲವು ಮಕ್ಕಳು ಊರ ಶಾಲೆಯ ಒಳಗನ್ನು ಮೊದಲ ಬಾರಿ ಕಂಡದ್ದು ಹೀಗೆ.

ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಬಂತು. ಐದನೇ ತರಗತಿಯವರೆಗೆ ದಿನಕ್ಕೆ 100 ಗ್ರಾಂ, ಮೇಲಿನವರಿಗೆ 150 ಗ್ರಾಂ ಧಾನ್ಯದ ಲೆಕ್ಕ. ಅಪ್ಪನಿಗೆ ಕೂಲಿಯಿಲ್ಲದ ಮನೆಗೆ ಬಂದ ಅಕ್ಕಿ ಒಂದು ಮಗುವಿನ ಅಕ್ಕಿಯಾಗಿ ಉಳಿಯುವುದಿಲ್ಲ, ಎಲ್ಲರ ಗಡಿಗೆಗೆ ಬೀಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯಲ್ಲಿ ತಾಟಿನ ಮುಂದೆ ಕೂತ ಹುಡುಗಿಗೆ ಸಿಗುತ್ತಿದ್ದ ಎರಡನೇ ಸಲದ ಸಾರು ಮನೆಯಲ್ಲಿ ಅವಳ ಪಾಲಿಗೆ ಬರುವುದು ಕಷ್ಟ.

ಅಂಗನವಾಡಿ ಮೇಡಮ್ಮನ ಹಿಂದೆ ಒಂದು ಓಣಿ ನಡೆದರೆ ಎಷ್ಟೋ ಕಾಣುತ್ತದೆ. ಹೆಗಲಿಗೆ ಚೀಲ, ಚೀಲದಲ್ಲಿ ಪುಷ್ಟಿ ಹಿಟ್ಟಿನ ಪೊಟ್ಟಣ, ಹೆಸರುಕಾಳು, ಬೆಲ್ಲ. ಕೈಯಲ್ಲಿ ಮೊಟ್ಟೆಯ ಟ್ರೇ. ಪರ್ಸಿಕಲ್ಲಿನ ಗೋಡೆಯ ಒಂದು ಮನೆಯ ಮುಂದೆ ನಿಂತು ಕರೆಯುತ್ತಾಳೆ: ‘ಯವ್ವಾ, ಸಣ್ಣವನ್ನ ಒಂದೀಟು ಹೊರಗ ತೊಗೊಂಡ್ ಬಾ.’ ತಾಯಿ ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಕೇಂದ್ರದ ತೊಲೆಗೆ ತೂಗುಹಾಕುವ ತಕ್ಕಡಿ ತಿಂಗಳುಗಳಿಂದ ಮೂಲೆಯಲ್ಲಿದೆ. ಮೇಡಮ್ಮ ಜೇಬಿನಿಂದ ಬಣ್ಣದ ಪಟ್ಟಿ ತೆಗೆದು ಮಗುವಿನ ರಟ್ಟೆಗೆ ಸುತ್ತುತ್ತಾಳೆ. ಹನ್ನೆರಡೂವರೆ ಸೆಂಟಿಮೀಟರಿಗಿಂತ ಮೇಲಿದ್ದರೆ ಹಸಿರು, ಹನ್ನೊಂದೂವರೆಗಿಂತ ಕೆಳಗಿಳಿದರೆ ಕೆಂಪು. ಬಾಣದ ಗುರುತು ಹಳದಿಯಲ್ಲಿ ನಿಲ್ಲುತ್ತದೆ. ಅವಳು ಇನ್ನೊಂದು ಸಲ ಸುತ್ತುತ್ತಾಳೆ. ಹಳದಿಯೇ. ಟ್ರೇಯಿಂದ ಒಂದು ಮೊಟ್ಟೆ ಹೆಚ್ಚಿಗೆ ತೆಗೆದಿಡುತ್ತಾಳೆ. ‘ಇದು ಅವ್ನಿಗೇ ಕೊಡು. ನಿನ್ ಗಂಡಗ ಅಲ್ಲ.’

ಅಂಗನವಾಡಿಯವರಿರಲಿ, ಆಶಾಗಳಿರಲಿ, ಇಂಥ ಹೆಂಗಸರೇ ಕೊರೋನಾದ ಆ ಎರಡು ವರ್ಷ ಹಳ್ಳಿಗಳನ್ನು ಹೊತ್ತದ್ದು. ಜ್ವರದ ಸಮೀಕ್ಷೆಯೂ ಅವರದೇ, ಊರಿಗೆ ಬಂದವರ ಪಟ್ಟಿಯೂ ಅವರದೇ. 2020ರ ಜುಲೈಯಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಅವರ ಮೇಲೆ ಹೂ ಸುರಿದು ಚಪ್ಪಾಳೆ ತಟ್ಟಿದ ಸಮಾಜ ಅಷ್ಟು ಹಣ ಕೊಡಲು ಹಿಂದೆಮುಂದೆ ನೋಡಿದ್ದು ನಾಚಿಕೆಗೇಡು.

ಅದೇ ಓಣಿಯ ಕೊನೆಗೆ ಹಂದರ ಹಾಕುತ್ತಿದ್ದಾರೆ. ಹುಡುಗಿ ಒಂಬತ್ತನೇ ತರಗತಿ. ಮದುವೆಗೆ ಐವತ್ತೇ ಮಂದಿ ಎಂದು ಸರ್ಕಾರ ಮಿತಿ ಹಾಕಿದ ಮೇಲೆ ಊರೂಟದ ಸಾಲ ತಪ್ಪಿದೆ, ಕಲ್ಯಾಣ ಮಂಟಪ ಬೇಡ. ‘ಸಾಲಿ ಇಲ್ಲ, ಮನ್ಯಾಗ ಇಟ್ಕೊಂಡು ಏನ್ ಮಾಡೂದ್ರೀ? ಈಗ ಮಾಡಿದ್ರ ಖರ್ಚರ ಕಡಿಮಿ’ ಎನ್ನುತ್ತಾನೆ ತಂದೆ. ಅವನ ದನಿಯಲ್ಲಿ ಕ್ರೌರ್ಯವಿಲ್ಲ, ಬರೀ ಲೆಕ್ಕವಿದೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಇಂಥ ಮದುವೆ ಮೊದಲಿಂದಲೇ ಅಸಿಂಧು. ಆದರೆ ಕಾನೂನು ಹಂದರದವರೆಗೆ ಬರಬೇಕಾದರೆ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಶಾಲೆ ನಡೆಯುತ್ತಿದ್ದರೆ ಬೆಂಚಿನ ಗೆಳತಿ ಹೇಳುತ್ತಿದ್ದಳು, ಮೇಷ್ಟ್ರಿಗೆ ಮುಟ್ಟುತ್ತಿತ್ತು. ಈಗ ಮೇಡಮ್ಮ ಹಂದರ ದಾಟಿ ನಾಲ್ಕು ಹೆಜ್ಜೆ ಹೋಗಿ, ಮರೆಯಲ್ಲಿ ನಿಂತು, ಫೋನ್ ತೆಗೆಯುತ್ತಾಳೆ.

ಪಾಠದ ಮಾತಿಗೆ ಬಂದರೆ, ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬರುತ್ತಿದ್ದವು. ಗದಗ ಜಿಲ್ಲೆಯ ತಾಯಿಯೊಬ್ಬಳು ಮಕ್ಕಳು ಅದನ್ನು ನೋಡಲೆಂದು ತಾಳಿ ಅಡವಿಟ್ಟು ಟಿ.ವಿ. ತಂದಳು. ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಮೊಬೈಲಿನಲ್ಲಿ ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಬಹಳಷ್ಟು ಮನೆಗಳಲ್ಲಿ ಇದ್ದ ಒಂದೇ ಫೋನ್ ಬೆಳಗಾದರೆ ಅಪ್ಪನ ಜೇಬಿನಲ್ಲಿ ಕೂಲಿಗೆ ಹೊರಡುತ್ತಿತ್ತು. ವಿದ್ಯಾಗಮವೂ ಅಕ್ಟೋಬರಿನಲ್ಲಿ, ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಮೇಲೆ ನಿಂತಿತು.

ಎರಡನೇ ಅಲೆ ತಂದೆತಾಯಿಯನ್ನೇ ಕಿತ್ತುಕೊಂಡಿತು. 2021ರ ಮೇ ಕೊನೆಯಲ್ಲಿ ರಾಜ್ಯ ಸರ್ಕಾರ ಬಾಲಸೇವಾ ಯೋಜನೆ ಸಾರಿತು, ಅನಾಥರಾದವರಿಗೆ ತಿಂಗಳಿಗೆ 3,500 ರೂಪಾಯಿ. ಒಳ್ಳೆಯ ಯೋಜನೆ. ಸೋಂಕಿನ ಪರೀಕ್ಷೆಯೇ ಆಗದೆ ಮನೆಯಲ್ಲೇ ಉಸಿರುಗಟ್ಟಿ ಸತ್ತವರ ಮಕ್ಕಳು ಮಾತ್ರ ಕಾಗದವಿಲ್ಲದೆ ಹೊರಗೇ ಉಳಿದರು.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿಗಳ ಬಾಗಿಲು ತೆರೆಯಿತು. ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು. ಮಠಾಧೀಶರು ಕೆಲವರು ವಿರೋಧಿಸಿದರು, ಮಕ್ಕಳು ಸರತಿಯಲ್ಲಿ ನಿಂತು ತಿಂದರು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ತೂಕ ನೋಡಿದಾಗ, ಮೊಟ್ಟೆ ತಿಂದವರ ಮೈ ತುಂಬಿದ್ದು ಕಂಡಿತು.

ಅಕ್ಷರದ ಕಥೆ ಅಷ್ಟು ಸಲೀಸಲ್ಲ. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ ಹತ್ತೊಂಬತ್ತರಷ್ಟು ಇದ್ದವರು 2021ರ ಹೊತ್ತಿಗೆ ಹತ್ತರೊಳಗೆ ಇಳಿದಿದ್ದರು. ಒಂದರಿಂದ ಮೂರನೆಯವರು ಕೂಡಿ ಕೂರುವ ನಲಿಕಲಿ ಕೋಣೆಯಲ್ಲಿ ಮೂರನೇ ತರಗತಿಯ ಹುಡುಗನೊಬ್ಬ ಒಂದನೆಯವರ ಕಾರ್ಡ್ ಎತ್ತಿಕೊಂಡು, ‘ಗ’ದ ಮೇಲೆ ಬೆರಳಾಡಿಸುತ್ತಿದ್ದಾನೆ. ಮೇಷ್ಟ್ರು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ತಿದ್ದಿಸುತ್ತಲೇ ಹೇಳುತ್ತಾರೆ: ‘ಇವ್ರನ್ನ ಮ್ಯಾಲ ತರಲಾಕ ಒಂದು ವರ್ಷ ಸಾಲಂಗಿಲ್ರೀ. ನಾ ಒಬ್ಬನೂ ಸಾಲಂಗಿಲ್ಲ. ಇನ್ನೊಬ್ಬ ಮಾಸ್ತರನ್ನ ಕೊಡ್ರಿ ಅಂತ ಬಿ.ಇ.ಒ. ಆಫೀಸಿಗೆ ಬರದೀನಿ, ಸೋಮವಾರ ಮತ್ತ ಹೋಗಿ ಕೇಳ್ತೀನಿ.’